ನೋಟ್ ಪುಸ್ತಕದಲ್ಲಿ ಬರೆಯದ ನಿಂಬೆಹಣ್ಣು

ಕಳೆದ ವಾರ ನಮ್ಮ ಮನೆಯಲ್ಲಿ ಒಂದು ನಿಂಬೆಹಣ್ಣು ಕುದಿಯುವ ನೀರಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ತಪ್ಪಿಸಿದವನು ನಾನು. ಈ ವಯಸ್ಸಿನಲ್ಲಿ ನಾನು ಹಜಾರದಿಂದ ಅಡುಗೆಮನೆಗೆ ಓಡಿದ್ದು ಕಂಡು ನನ್ನ ಹೆಂಡತಿ ಸುಮಾ, ಗ್ಯಾಸ್ ಸೋರುತ್ತಿದೆ ಎಂದುಕೊಂಡು ಮೊದಲು ಒಲೆ ಆರಿಸಿದಳು.

ಆದದ್ದು ಇಷ್ಟು. ಅಬುಧಾಬಿಯಿಂದ ರಜೆಗೆ ಬಂದಿದ್ದ ನಮ್ಮ ಹಳೆಯ ನೆರೆಯವರೊಬ್ಬರು ಒಂದು ಪೊಟ್ಟಣ ಲೂಮಿ ಕೊಟ್ಟು ಹೋಗಿದ್ದರು. ಲೂಮಿ ಎಂದರೆ ಅಲ್ಲಿಯ ಅಂಗಡಿಗಳಲ್ಲಿ ಮೂಟೆಗಟ್ಟಲೆ ಸಿಗುವ ಒಣಗಿಸಿದ ನಿಂಬೆಹಣ್ಣು. ಬೆಣಚುಕಲ್ಲಿನಷ್ಟು ಗಟ್ಟಿ, ಕಪ್ಪು, ಕೈಯಲ್ಲಿ ಹಿಡಿದರೆ ತೂಕವೇ ಇರುವುದಿಲ್ಲ. ಅದನ್ನು ಒಡೆದು ಕುದಿಸಿ ಬೆಲ್ಲ ಹಾಕಿ ಕುಡಿದರೆ ಹೊಟ್ಟೆಗೆ ಒಳ್ಳೆಯದೆಂದು ಸುಮಾಳ ನಂಬಿಕೆ. ಅವತ್ತು ಪೊಟ್ಟಣ ಖಾಲಿಯಾಗಿತ್ತು. ನನ್ನ ಮೇಜಿನ ಮೇಲೆ ಪೆನ್ನಿನ ಡಬ್ಬಿಯಲ್ಲಿ ಒಂದು ಇರುವುದು ಅವಳಿಗೆ ನೆನಪಾಯಿತು.

"ಅದು ತಿನ್ನೋದಲ್ಲ" ಎಂದೆ ನಾನು, ಏದುಸಿರು ಬಿಡುತ್ತ.

"ಪೆನ್ನಿನ ಜೊತೆ ಇಟ್ಕೊಂಡಿದೀರ. ಬರೆಯೋದಾ ಮತ್ತೆ?"

"ಅದು ಕಾರಿನದು."

ಸುಮಾ ನನ್ನನ್ನೂ ನಿಂಬೆಹಣ್ಣನ್ನೂ ಒಂದು ಸಲ ನೋಡಿದಳು. ಇಪ್ಪತ್ತು ವರ್ಷಗಳಿಂದ ಅದು ಆ ಡಬ್ಬಿಯಲ್ಲೇ ಇದೆ. ಮೂರು ಮನೆ ಬದಲಿಸಿದೆವು, ಆ ದೇಶ ಬಿಟ್ಟು ಮೈಸೂರಿಗೆ ಬಂದೆವು, ಡಬ್ಬಿಯೂ ಬಂತು, ಅದೂ ಬಂತು. ಒಂದು ದಿನವೂ ಅವಳು ಕೇಳಿರಲಿಲ್ಲ. ಈಗ ಕುರ್ಚಿ ಎಳೆದುಕೊಂಡು ಕೂತಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಂಡದ್ದನ್ನಷ್ಟೇ, ಕಂಡ ಹಾಗೆ.

ನನ್ನ ಕೆಲಸ ಒಡೆಯುವುದಾಗಿತ್ತು. ಅಬುಧಾಬಿಯ ಹೊರವಲಯದ ಮುಸಫ್ಫಾ ಎಂಬ ಕೈಗಾರಿಕಾ ಪ್ರದೇಶದಲ್ಲಿ ಕಾಂಕ್ರೀಟ್ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿದ್ದೆ. ಎಲ್ಲೆಲ್ಲಿ ಕಟ್ಟಡ ಏಳುತ್ತಿತ್ತೋ ಅಲ್ಲಿಂದೆಲ್ಲ ಕಾಂಕ್ರೀಟಿನ ಚೌಕ ಚೌಕ ತುಂಡುಗಳು ನಮ್ಮಲ್ಲಿಗೆ ಬರುತ್ತಿದ್ದವು. ಕೆಲವನ್ನು ಏಳನೆಯ ದಿನ, ಕೆಲವನ್ನು ಇಪ್ಪತ್ತೆಂಟನೆಯ ದಿನ ಯಂತ್ರದ ಅಡಿಗೆ ಇಟ್ಟು ಒತ್ತಬೇಕು. ಎಷ್ಟು ಭಾರಕ್ಕೆ ಒಡೆಯಿತು, ಬಿರುಕು ಯಾವ ಮೂಲೆಯಿಂದ ಹೊರಟಿತು ಎಂದು ಬರೆಯಬೇಕು. ಯಾಕೆ ಒಡೆಯಿತು ಎಂದು ಗೊತ್ತಾಗದೆ ಕಾಗದಕ್ಕೆ ಸಹಿ ಹಾಕುವಂತಿಲ್ಲ. ಇಂಥ ಕೆಲಸ ಹತ್ತು ವರ್ಷ ಮಾಡಿದವನು ಮನೆಯಲ್ಲೂ ಸುಮ್ಮನಿರುವುದಿಲ್ಲ. ಶೇವಿಂಗ್ ಬ್ಲೇಡು ಎಷ್ಟು ದಿನ ಬಂತು, ನೀರಿನ ಕ್ಯಾನು ಯಾವಾಗ ಮುಗಿಯಿತು, ಎಲ್ಲಕ್ಕೂ ನನ್ನ ಹತ್ತಿರ ಪುಸ್ತಕವಿತ್ತು. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನ ಶೆಟ್ಟರು, ಕುಂದಾಪುರದ ಕಡೆಯವರು, ಹೊಸಬರು ಯಾರೇ ಬಂದರೂ ನನ್ನನ್ನು ಪರಿಚಯಿಸುತ್ತಿದ್ದದ್ದು ಒಂದೇ ಮಾತಿನಲ್ಲಿ: "ಇವ್ರ ಹತ್ರ ಚಾ ಆಯ್ತಾ ಅಂತ ಕೇಳ್ಬೇಡಿ ಮಾರಾಯ್ರೆ, ಪುಸ್ತಕ ನೋಡಿ ಹೇಳ್ಬೇಕು ಅವ್ರು."

ಕಾರು ಕೊಂಡಾಗ ಅದಕ್ಕೂ ಒಂದು ನೋಟ್ ಪುಸ್ತಕ ಬಂತು. ಕಾರು ಕೊಂಡದ್ದು ಅನಘಾಳಿಗಾಗಿ.

ಅನಘಾ ನಮ್ಮ ಮಗಳು. ಅವಳಿಗೆ ಕಿವಿ ಕೇಳಿಸುವುದಿಲ್ಲ ಎಂದು ನಮಗೆ ತಿಳಿದಾಗ ಎರಡು ವರ್ಷ ದಾಟಿತ್ತು. ಎರಡೂ ಕಿವಿಗೆ ಮಿಷನ್ನು ಬಂತು. ಆದರೆ ಮಿಷನ್ನು ಸದ್ದು ಕೊಡುತ್ತದೆ, ಮಾತು ಕೊಡುವುದಿಲ್ಲ. ಅದನ್ನು ಕಲಿಸಬೇಕು, ಒಂದೊಂದಾಗಿ, ಇಟ್ಟಿಗೆ ಇಟ್ಟ ಹಾಗೆ. ಅಬುಧಾಬಿಯಲ್ಲಿ ಕಲಿಸುವವರಿದ್ದರು, ಇಂಗ್ಲಿಷಿನಲ್ಲಿ, ಅರಬ್ಬಿಯಲ್ಲಿ. ನಮ್ಮ ಮನೆಯಲ್ಲಿ ಅವಳ ಕಿವಿಗೆ ಬೀಳುವುದು ಕನ್ನಡ. ವಿಚಾರಿಸುತ್ತ ಹೋದಾಗ ದುಬೈಯ ಕರಾಮಾದಲ್ಲಿ ವಿಮಲಾ ಟೀಚರ್ ಸಿಕ್ಕರು. ಮಂಡ್ಯದವರು, ವಾರವೆಲ್ಲ ಯಾವುದೋ ಶಾಲೆಯಲ್ಲಿ ಕೆಲಸ, ಅಲ್ಲಿ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ತಮ್ಮ ಮನೆಯಲ್ಲಿ ಇಂಥ ಮೂರ್ನಾಲ್ಕು ಮಕ್ಕಳಿಗೆ ಪಾಠ. ಕೆಲವು ತಿಂಗಳು ಬಸ್ಸಿನಲ್ಲಿ ಹೋದೆವು. ಬಿಸಿಲಿಗೆ ಮಗು ಅಲ್ಲಿ ತಲುಪುವಷ್ಟರಲ್ಲಿ ನಿದ್ದೆಗೆ ಜಾರುತ್ತಿತ್ತು. ಅದಕ್ಕೇ ಕಾರು.

ನಾಲ್ಕು ವರ್ಷ ತುಂಬಿದಾಗ ಅನಘಾಳ ಹತ್ತಿರ ಹದಿನೇಳು ಮಾತುಗಳಿದ್ದವು. ಪುಸ್ತಕ ನೋಡಿಯೇ ಹೇಳುತ್ತಿದ್ದೇನೆ. ಅಮ್ಮ, ಅಪ್ಪ, ಹಾಲು, ಬೇಡ, ಬೊಟ್ಟು, ಹೀಗೆ. ಕೇಳಿದರೆ ಒಂದೊಂದೇ ಕೊಡುತ್ತಿದ್ದಳು. ಎರಡನ್ನು ಸೇರಿಸುತ್ತಿರಲಿಲ್ಲ. ಟೀಚರ್ ನನಗೆ ಹೇಳಿದ್ದರು, "ಅವಳು ತಾನಾಗೇ ಒಂದು ಪ್ರಶ್ನೆ ಕೇಳಲಿ. ಯಾವತ್ತು ಕೇಳ್ತಾಳೋ ಅವತ್ತು ಬಾಗಿಲು ತೆರೀತು ಅಂತ ತಿಳ್ಕೊಳ್ಳಿ." ನಾವಿಬ್ಬರೂ ಆ ಪ್ರಶ್ನೆಗಾಗಿ ಕಾಯುತ್ತಿದ್ದೆವು.

ಇಲ್ಲಿ ನಿಂಬೆಹಣ್ಣಿನ ಮಾತು ಹೇಳಬೇಕು. ಅದಕ್ಕೆ ಅಜ್ಜಿಯಿಂದ ಶುರುಮಾಡಬೇಕು.

ನಾನು ಚಿಕ್ಕವನಿದ್ದಾಗ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕತ್ತರಿ, ಈಳಿಗೆಮಣೆ, ಅಪ್ಪನ ಸೈಕಲ್ಲು ಎಲ್ಲಕ್ಕೂ ಅರಿಸಿನ ಕುಂಕುಮ. ಸೈಕಲ್ಲಿನ ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಟ್ಟುವುದು ನನ್ನ ಪಾಲಿನ ಕೆಲಸ. ಅಜ್ಜಿ ದಬ್ಬಣ ಕೊಟ್ಟು ಎದುರಿಗೆ ಕೂರುತ್ತಿದ್ದಳು. ಒಂದು ವರ್ಷ ಮೆಣಸಿನಕಾಯಿ ಚುಚ್ಚಿದ ಬೆರಳಲ್ಲಿ ಕಣ್ಣು ಉಜ್ಜಿಕೊಂಡು, ಪೂಜೆಯ ಹೊತ್ತಿಗೆ ಬಚ್ಚಲಿನ ತೊಟ್ಟಿಯಲ್ಲಿ ಮುಖ ಮುಳುಗಿಸಿ ಕೂತಿದ್ದೆ. ಅಜ್ಜಿ ಹೊರಗಿನಿಂದಲೇ, ಹೋಗಲಿ ಬಿಡು, ನಿನ್ನ ಮೇಲಿದ್ದ ದೃಷ್ಟಿಯೂ ಅದರ ಜೊತೆ ಹೋಯಿತು ಎಂದಿದ್ದಳು. ದೊಡ್ಡವನಾಗಿ, ಓದಿ, ಲ್ಯಾಬು ಸೇರಿದ ಮೇಲೆ ಇದರಲ್ಲೆಲ್ಲ ನನಗೆ ನಂಬಿಕೆ ಉಳಿದಿರಲಿಲ್ಲ. ಸುಮಾಳಿಗಂತೂ ಮೊದಲಿನಿಂದಲೂ ಇಲ್ಲ. ಯಾರಾದರೂ ದೃಷ್ಟಿ ಎಂದರೆ ಕನ್ನಡಕ ಬದಲಿಸಿ ಅನ್ನುತ್ತಿದ್ದಳು.

ಆದರೆ ಮಗುವಿನ ಕಿವಿಯ ವಿಷಯ ತಿಳಿದ ಮೇಲೆ ನಾನು ನಂಬದ ಕೆಲವು ಕೆಲಸಗಳನ್ನು ಗುಟ್ಟಾಗಿ ಮಾಡತೊಡಗಿದ್ದೆ. ಕಾರು ಬಂದ ತಿಂಗಳೊಪ್ಪತ್ತಿನಲ್ಲಿ ಆಯುಧಪೂಜೆ ಬಂತು. ನಾವಿದ್ದದ್ದು ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿ. ಕಾರು ಕೆಳಗೆ, ನೆಲಮಾಳಿಗೆಯಲ್ಲಿ. ಬೆಳಿಗ್ಗೆ ಹಾಲು ತರುವ ನೆಪ ಹೇಳಿ ಜೇಬಿನಲ್ಲಿ ನಿಂಬೆಹಣ್ಣು, ಏಳು ಮೆಣಸಿನಕಾಯಿ, ಲ್ಯಾಬಿನಿಂದ ತಂದ ಒಂದು ತುಂಡು ತಾಮ್ರದ ತಂತಿ ಇಟ್ಟುಕೊಂಡು ಇಳಿದೆ. ಮುಂದೆ ಬಂಪರಿಗೆ ಕಟ್ಟಿದರೆ ಸುಮಾ ನೋಡಿ ನಗುತ್ತಾಳೆ, ಶೆಟ್ಟರು ನೋಡಿದರೆ ವರ್ಷವಿಡೀ ನಗುತ್ತಾರೆ. ಅದಕ್ಕೆ ದಿನಪತ್ರಿಕೆ ಹಾಸಿ ಮಲಗಿ, ಕಾರಿನ ಹೊಟ್ಟೆಯ ಅಡಿಗೆ ತೋಳು ಚಾಚಿ, ಕೈಗೆ ಸಿಕ್ಕ ಮೊದಲ ಕಪ್ಪು ಕೊಳವೆಯಂಥದ್ದಕ್ಕೆ ಬಿಗಿಯಾಗಿ ಸುತ್ತಿ ಕಟ್ಟಿದೆ. ಯಾರಿಗೂ ಕಾಣುವುದಿಲ್ಲ. ಮೇಲೆ ಬಂದು ಕೈ ತೊಳೆದುಕೊಂಡೆ. ಹಾಲು ತರುವುದನ್ನು ಮರೆತಿದ್ದೆ.

ನನ್ನ ಯಾವ ಪುಸ್ತಕದಲ್ಲೂ ಇದನ್ನು ಬರೆಯಲಿಲ್ಲ.

ಒಂದೂವರೆ ತಿಂಗಳ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ಪುಟ್ಟ ದೀಪವೊಂದು ಹತ್ತಿಕೊಂಡಿತು. ಎಂಜಿನ್ನಿನ ಚಿತ್ರವಿರುವ ದೀಪ. ಮನೆಯ ಹತ್ತಿರದ ಗ್ಯಾರೇಜಿನಲ್ಲಿ ತೋರಿಸಿದೆ. ಗಾಡಿ ಅಮೆರಿಕದಿಂದ ಬಂದದ್ದು, ಆ ಗಾಡಿಗಳ ಸೈಲೆನ್ಸರ್ ಕೊಳವೆಯಲ್ಲಿ ಏನೇನೋ ಸೆನ್ಸರ್ ಇರುತ್ತವೆ, ಸುಮ್ಮಸುಮ್ಮನೆ ದೀಪ ಹಾಕುತ್ತವೆ, ತಲೆ ಕೆಡಿಸಿಕೊಳ್ಳಬೇಡಿ ಎಂದು ಅಲ್ಲಿಯವನು ಹಿಂದಿಯಲ್ಲಿ ಸಮಾಧಾನ ಹೇಳಿದ. ಬೇಕಿದ್ದರೆ ಬಲ್ಬು ಕಿತ್ತುಬಿಡುತ್ತೇನೆ ಎಂದ. ಕೀಳುವುದು ಬೇಡವೆನಿಸಿತು. ಆದರೆ ಅದನ್ನು ನೋಡುತ್ತಿರುವುದೂ ಆಗಲಿಲ್ಲ. ಬಿಸಿಲಿಗೆ ಅಡ್ಡ ಹಿಡಿಯುವ ಪಟ್ಟಿಯ ಕನ್ನಡಿಯಲ್ಲಿ ಸುಮಾ ಯಾವತ್ತೋ ಅಂಟಿಸಿದ್ದ ಒಂದು ಸ್ಟಿಕರ್ ಬೊಟ್ಟು ಇತ್ತು, ಕಡುಗೆಂಪಿನದು. ಅದನ್ನು ತೆಗೆದು ದೀಪದ ಮೇಲಿನ ಗಾಜಿಗೆ ಅಂಟಿಸಿದೆ. ಸುಮಾ ನೋಡಿ, ಕಾರಿಗೆ ಮುತ್ತೈದೆ ಭಾಗ್ಯ ಬಂತು ಎಂದಳು. ದೀಪ ಹತ್ತಿದಾಗ ಬೊಟ್ಟಿನ ಸುತ್ತ ಕಿತ್ತಳೆಯ ತೆಳುವಾದ ಉಂಗುರ ಕಾಣುತ್ತಿತ್ತು. ಹಿಂದಿನ ಸೀಟಿನ ನಡುವೆ ಕೂರುತ್ತಿದ್ದ ಅನಘಾ ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದಳು.

ಮುಂದಿನದು ಪುಸ್ತಕದಲ್ಲಿದೆ. ಮೊದಲ ಸಲ ಎಂಜಿನ್ ನಿಂತದ್ದು ಮುಸಫ್ಫಾದ ವೃತ್ತದಲ್ಲಿ, ಬಲಕ್ಕೆ ತಿರುಗುವಾಗ. ಫ್ಯೂಸ್ ಸುಟ್ಟಿತ್ತು. ಅದೇ ಗ್ಯಾರೇಜಿನವನು ಹೊಸದು ಹಾಕಿದ. ಎರಡನೆಯ ಸಲ ಒಂದು ಅಂಗಡಿಯ ಮುಂದೆ, ಬಲಕ್ಕೆ ತಿರುಗುವಾಗ. ಈ ಸಲ ಅವನು ಇನ್ನೂ ದೊಡ್ಡ ಫ್ಯೂಸ್ ಹಾಕಿ, ಇದು ಸುಡುವುದಿಲ್ಲ, ಖಲಾಸ್ ಎಂದ. ಮೂರನೆಯ ಸಲ ಶುಕ್ರವಾರ, ದುಬೈ ರಸ್ತೆಯಲ್ಲಿ, ಘಂತೂತ್ ಎಂಬ ಊರು ದಾಟುವ ಮೊದಲು.

ಆ ಪುಟದಲ್ಲಿ ನನ್ನ ಅಕ್ಷರ ಬೇರೆಯವರದ್ದರಂತಿದೆ.

ನಾನು ಎಡತುದಿಯ ಲೇನಿನಲ್ಲಿದ್ದೆ. ಹಿಂದೆ ಒಂದು ದೊಡ್ಡ ಬಿಳಿ ಗಾಡಿ ದೀಪ ಮಿನುಗಿಸುತ್ತ ಬಂತು. ಅಲ್ಲಿ ಅದು ರೂಢಿ, ದಾರಿ ಬಿಡಬೇಕು. ಕನ್ನಡಿ ನೋಡಿದೆ. ಬಲಗಡೆಯ ಲೇನಿನಲ್ಲಿ ಒಂದು ಲಾರಿ, ಸಾಕಷ್ಟು ದೂರದಲ್ಲಿ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಎಂಜಿನ್ ನಿಂತಿತು. ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಿತು. ಡ್ಯಾಶ್‌ಬೋರ್ಡಿನಲ್ಲಿದ್ದ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು, ಬೊಟ್ಟಿನ ಸುತ್ತಲೂ ಉಂಗುರ ಹತ್ತಿತು. ನಾನು ಲಾರಿಯ ಎದುರಿಗೇ ಬಂದುಬಿಟ್ಟಿದ್ದೆ, ವೇಗ ಇಳಿಯುತ್ತಿತ್ತು. ಲಾರಿಯ ಹಾರ್ನ್ ಶುರುವಾದದ್ದು ನಿಲ್ಲಲೇ ಇಲ್ಲ. ಕನ್ನಡಿಯ ತುಂಬ ಅದರ ಮೂತಿ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಎಳೆದೆ, ಕಾರು ಇನ್ನೊಂದು ಲೇನು ದಾಟಿ ಅಂಚಿನ ಮರಳಿಗೆ ಇಳಿದು ನಿಂತಿತು. ಲಾರಿ ಪಕ್ಕದಲ್ಲಿ ಹಾದಾಗ ಅದರ ಗಾಳಿಗೆ ಕಾರು ತೂಗಿತು.

ಹಿಂದಕ್ಕೆ ತಿರುಗಿದೆ. ಅನಘಾ ಕಿವಿಯ ಮಿಷನ್ನು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ರಸ್ತೆಯ ಸದ್ದು ಅವಳಿಗೆ ಆಗುತ್ತಿರಲಿಲ್ಲ, ಹಾಗೆ ತೆಗೆಯುವುದು ಅಭ್ಯಾಸ. ಗೊಂಬೆಗೆ ನೀರು ಕುಡಿಸುತ್ತಿದ್ದವಳು ನನ್ನ ಮುಖ ನೋಡಿ ನಕ್ಕಳು. ನಾನು ಆಟವಾಡಿಸಲು ತಿರುಗಿದೆನೆಂದು ಅವಳಿಗೆ ಅನ್ನಿಸಿರಬೇಕು. ಆ ಹಾರ್ನು ಕೇಳದಿದ್ದವಳು ಆ ರಸ್ತೆಯಲ್ಲಿ ಅವಳೊಬ್ಬಳೇ.

ಕಾರನ್ನು ಎಳೆದು ತರುವ ಗಾಡಿ ಬಂತು, ಮನೆಗೆ ಬಂದೆವು. ಶುಕ್ರವಾರಗಳಲ್ಲಿ ಸುಮಾಳಿಗೆ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಡ್ಯೂಟಿ. ಸಂಜೆ ಬಂದವಳಿಗೆ, ಕಾರು ದಾರಿಯಲ್ಲಿ ನಿಂತಿತು ಎಂದಷ್ಟೇ ಹೇಳಿದೆ. ಲಾರಿಯನ್ನು ಬಿಟ್ಟೆ.

ಮುಂದಿನ ಶುಕ್ರವಾರ ಕೆಮ್ಮು ಎಂದೆ. ಅದರ ಮುಂದಿನ ಶುಕ್ರವಾರ ಲ್ಯಾಬಿನಲ್ಲಿ ಕೆಲಸ ಎಂದೆ. ಟ್ಯಾಕ್ಸಿಯಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಬಹುದಿತ್ತು. ಆದರೆ ಯಾವ ಗಾಡಿಯಾದರೂ ಸರಿಯೆ, ಆ ಮಗುವನ್ನು ಹಿಂದೆ ಕೂರಿಸಿಕೊಂಡು ಆ ರಸ್ತೆಯಲ್ಲಿ ಹೋಗುವುದನ್ನು ನೆನೆದರೆ ಅಂಗೈ ಬೆವರುತ್ತಿತ್ತು. ಚಹದ ಲೋಟ ಹಿಡಿದರೆ ತಟ್ಟೆಯಲ್ಲಿ ಕಟಕಟ ಸದ್ದು. ವಿಮಲಾ ಟೀಚರ್ ಫೋನ್ ಮಾಡಿದರು. "ಎರಡು ವಾರ ಆಯ್ತು, ಸರ್. ಈ ವಯಸ್ಸಲ್ಲಿ ನಡುವೆ ಬಿಟ್ಟರೆ ಕಟ್ಟಿದ್ದು ಕುಸಿಯುತ್ತೆ" ಎಂದರು. ಕಾಂಕ್ರೀಟಿನವನಿಗೆ ಈ ಮಾತು. ಮೂರನೆಯ ವಾರ ಅನಘಾ 'ಹಾಲು' ಅನ್ನುವುದನ್ನು ಬಿಟ್ಟು ಮತ್ತೆ ಬೆರಳು ತೋರಿಸಲು ಶುರುಮಾಡಿದಳು. ಹದಿನಾರು ಎಂದು ಬರೆದೆ.

ನನ್ನ ಕೈ ನಡುಗುವುದನ್ನು ನೋಡಿ ಶೆಟ್ಟರು ಅವತ್ತು ತಮಾಷೆ ಮಾಡಲಿಲ್ಲ. "ಹಮೀದಾಕನ ಹತ್ರ ಹೋಗುವ" ಎಂದರು.

ಹಮೀದಾಕ ಉಪ್ಪಿನಂಗಡಿ ಕಡೆಯ ಬ್ಯಾರಿ. ಹೆಸರು ಹಮೀದ್. ಆ ಕಡೆ ಹಿರಿಯರ ಹೆಸರಿನ ಕೊನೆಗೆ 'ಆಕ' ಸೇರಿಸಿ ಕರೆಯುವುದು ಮರ್ಯಾದೆ. ಶೆಟ್ಟರು ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಮುಸಫ್ಫಾದಲ್ಲೇ, ನಮ್ಮ ಲ್ಯಾಬಿನಿಂದ ಆರು ಗಲ್ಲಿ ಆಚೆ ಅವರ ಗ್ಯಾರೇಜು. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದರು. ಕಾರನ್ನು ಒಳಗೆ ತಳ್ಳಿಸಿದ ಮೇಲೆ ಅದರ ಕಡೆ ಕಣ್ಣೂ ಹಾಯಿಸದೆ ಎರಡು ಗ್ಲಾಸು ಸುಲೈಮಾನಿ, ಹಾಲಿಲ್ಲದ ಚಹಾ, ತರಿಸಿ, ಒಂದು ಎಣ್ಣೆ ಡಬ್ಬ ಬೋರಲು ಹಾಕಿ ಕೂತರು.

"ಗಾಡಿ ಅಲ್ಲೇ ಇರ್ಲಿ. ಎಂತ ಆಯ್ತು ಹೇಳಿ ಸರ್, ಸುರುವಿಂದ."

ನಾನು ಪುಸ್ತಕ ತೆಗೆದು ಓದಿದೆ. ಒಂಬತ್ತು ಪುಟ. ದಿನ, ಜಾಗ, ಎಷ್ಟು ಕಿಲೋಮೀಟರ್, ಎಸಿ ಇತ್ತೇ ಇಲ್ಲವೇ, ಯಾವ ಕಡೆ ತಿರುಗುವಾಗ. ಶೆಟ್ಟರು ನಡುವೆ ಎದ್ದು ಹೋದರು. ಹಮೀದಾಕ ಏಳಲಿಲ್ಲ. ಎರಡು ಕಡೆ ನಿಲ್ಲಿಸಿ ಮತ್ತೆ ಓದಿಸಿದರು. ಮೂರು ಸಲವೂ ಅರ್ಧ ಗಂಟೆ ಓಡಿದ ಮೇಲೆ. ಮೂರು ಸಲವೂ ಬಲಕ್ಕೆ.

"ಉಳಿದವ್ರು 'ಗಾಡಿ ಮಾಫಿ ಗೂಡ್', ಸರಿ ಇಲ್ಲ ಅಂತ ಹೇಳಿ ಕೀ ಬಿಸಾಡಿ ಹೋಗ್ತಾರೆ. ನೀವು ಅರ್ಧ ಕೆಲ್ಸ ಮಾಡಿ ತಂದಿದ್ದೀರಿ" ಎಂದರು. ನನ್ನ ಪುಸ್ತಕದ ಬಗ್ಗೆ ಅಲ್ಲಿಯತನಕ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ.

ಆಮೇಲೆ ಕೇಳಿದರು. "ಗಾಡಿಯ ಅಡಿಗೆ ಯಾರಾದ್ರೂ ಕೈ ಹಾಕಿದ್ದುಂಟಾ? ಆ ಗ್ಯಾರೇಜಿನವ್ರು ಬಿಟ್ಟು?"

"ಇಲ್ಲ ಹಮೀದಾಕ. ಯಾರೂ ಇಲ್ಲ" ಎಂದೆ.

ಮರೆತಿದ್ದೆ ಎಂದರೆ ಅದು ಅರ್ಧ ಸುಳ್ಳು. ಒಂಬತ್ತು ಪುಟ ಓದಿದ ಬಾಯಿಗೆ ಒಂದು ನಿಂಬೆಹಣ್ಣಿನ ಹೆಸರು ಬರಲಿಲ್ಲ.

ಅವರು ಸ್ಟಿಯರಿಂಗಿನ ಕೆಳಗೆ ಒಂದು ಪುಟ್ಟ ಯಂತ್ರ ಸಿಕ್ಕಿಸಿ ನೋಡಿದರು. ಸೈಲೆನ್ಸರ್ ಕೊಳವೆಯ ಎರಡನೆಯ ಸೆನ್ಸರಿನ ಹೀಟರ್ ಎಂದು ಬಂತು. ಕೊಳವೆಯಲ್ಲಿ ಮೂಗಿನ ಹಾಗೆ ಕೂತು ಹೊಗೆಯನ್ನು ಮೂಸಿ, ಪೆಟ್ರೋಲು ಹೆಚ್ಚಾಯಿತೋ ಕಮ್ಮಿಯಾಯಿತೋ, ಹೊಗೆ ಸರಿಯಾಗಿ ಶುದ್ಧವಾಗುತ್ತಿದೆಯೋ ಎಂದು ಸುದ್ದಿ ಕೊಡುವ ಸೆನ್ಸರುಗಳಂತೆ ಅವು. ತಣ್ಣಗಿದ್ದರೆ ಆ ಮೂಗಿಗೆ ವಾಸನೆ ಹತ್ತುವುದಿಲ್ಲ. ಬೆಚ್ಚಗಿಡಲು ಒಳಗೊಂದು ಪುಟ್ಟ ಹೀಟರ್. ಆ ಹೀಟರಿಗೂ ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ವ್ಯವಸ್ಥೆಗೂ ಕರೆಂಟು ಒಂದೇ ಫ್ಯೂಸಿನಿಂದ. ಹೀಟರಿನ ವಯರ್ ಎಲ್ಲೋ ಕಬ್ಬಿಣಕ್ಕೆ ತಾಗಿದರೆ ಫ್ಯೂಸ್ ಹೋಗುತ್ತದೆ, ಪೆಟ್ರೋಲೂ ನಿಲ್ಲುತ್ತದೆ.

"ಎಲ್ಲಿ ತಾಗ್ತಿದೆ?" ಎಂದೆ.

"ಅದು ಇದ್ರಲ್ಲಿ ಬರುದಿಲ್ಲ. ಈ ಮಿಷನ್ನು ಈ ಊರಿನವ್ರ ಹಾಗೆ, ಬೀದಿ ಹೇಳ್ತದೆ, ಮನೆ ನಂಬ್ರ ಹೇಳುದಿಲ್ಲ." ಆಮೇಲೆ ಸುಟ್ಟಿದ್ದ ಫ್ಯೂಸು ಕಿತ್ತು ಬೆಳಕಿಗೆ ಹಿಡಿದು ನೋಡಿದರು. ಅಲ್ಲಿಯವರೆಗೆ ಶಾಂತವಾಗಿದ್ದ ಮುಖ ಗಂಟಿಕ್ಕಿತು. ಇಲ್ಲಿ ಇರಬೇಕಾದ್ದಕ್ಕಿಂತ ಇದು ಎರಡು ಪಟ್ಟು ದೊಡ್ಡದು, ಫ್ಯೂಸ್ ಬೇಗ ಸುಡದಿದ್ದರೆ ವಯರೇ ಸುಡುತ್ತದೆ, ಮಗು ಒಳಗಿತ್ತು ಅಂತ ಹೇಳಿದಿರಲ್ಲ ಎಂದು ಮೆಲ್ಲಗೆ ಹೇಳಿದರು. ಅವರ ಕಣ್ಣು ಡ್ಯಾಶ್‌ಬೋರ್ಡಿನ ಬೊಟ್ಟಿನ ಮೇಲೂ ಒಂದು ಗಳಿಗೆ ನಿಂತಿತು. ಅದರ ಬಗ್ಗೆ ಏನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಮೊದಲು ಬೇರೊಂದು ಫ್ಯೂಸ್ ಹಾಕಿ ಎಂಜಿನ್ನನ್ನು ಅರ್ಧ ಗಂಟೆ ನಿಂತಲ್ಲೇ ಓಡಿಸಿದರು, ಪುಸ್ತಕದಲ್ಲಿ ಹಾಗಿತ್ತಲ್ಲ. ಕೊಳವೆ ಕಾದ ಮೇಲೆ ಆರಿಸಿ, ಫ್ಯೂಸಿನ ಜಾಗಕ್ಕೆ ಎರಡು ವಯರ್ ಸಿಕ್ಕಿಸಿ, ಅವುಗಳ ತುದಿಗೆ ಹೆಡ್‌ಲೈಟಿನ ಒಂದು ಹಳೆಯ ಬಲ್ಬು ಕಟ್ಟಿ, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟರು. ಕೀ ತಿರುಗಿಸಿದರು. ಬಲ್ಬು ಮಂಕಾಗಿ ಉರಿಯಿತು.

"ಹೀಗೆ ಮಂಕು ಇದ್ರೆ ಸರಿ ಉಂಟು ಅಂತ. ಪೂರ್ತಿ ಉರಿದ್ರೆ ವಯರ್ ತಾಗ್ತಾ ಉಂಟು ಅಂತ. ಉರಿದ ಕೂಡ್ಲೆ ಹೇಳ್ಬೇಕು. ನಿಮ್ಗಿಂತ ಒಳ್ಳೆ ಜನ ಸಿಗುದಿಲ್ಲ ಈ ಕೆಲ್ಸಕ್ಕೆ."

ಅನಘಾಳ ಕಿವಿಯ ಪರೀಕ್ಷೆ ನೆನಪಾಯಿತು. ಸದ್ದು ಹೊರಗೆ ಹೋಗದ ಪುಟ್ಟ ಕೋಣೆಯಲ್ಲಿ ಅವಳನ್ನು ಕೂರಿಸಿ ಕೈಗೊಂದು ಮರದ ಬಳೆ ಕೊಡುತ್ತಿದ್ದರು. ಸದ್ದು ಕೇಳಿದ ಕೂಡಲೆ ಬಳೆಯನ್ನು ಗೂಟಕ್ಕೆ ಹಾಕಬೇಕು. ಗಾಜಿನ ಈಚೆ ನಾನು. ಬಳೆ ಹಿಡಿದ ಆ ಕೈ ಮೇಲೆದ್ದು, ಅನುಮಾನಿಸಿ, ಮತ್ತೆ ಮಡಿಲಿಗೆ ಇಳಿಯುತ್ತಿತ್ತು. ಈಗ ಬಲ್ಬು ಹಿಡಿದು ನಾನು ಕೂತಿದ್ದೆ. ಅಷ್ಟು ಗಮನ ಕೊಟ್ಟು ಕಾಯುವುದು ಎಷ್ಟು ಆಯಾಸ ಎಂದು ಆಗ ತಿಳಿಯಿತು.

ಹಮೀದಾಕ ಬಾನೆಟ್ಟಿನ ಒಳಗೆ ಒಂದೊಂದೇ ವಯರನ್ನು ಅಲುಗಿಸುತ್ತ ಬಂದರು. ಮಂಕು. ನನ್ನ ಕಾಲಿನ ಹತ್ತಿರ ಅಲುಗಿಸಿದರು. ಮಂಕು. ಕಾರಿನ ಕೆಳಗಿನ ಗುಂಡಿಗೆ ಇಳಿದು, ಸುತ್ತಿಗೆಯ ಮರದ ಹಿಡಿಯಿಂದ ಟಕ್ ಟಕ್ ಎಂದು ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಹೋದರು. ನನ್ನ ಸೀಟಿನ ಸರಿಯಾಗಿ ಕೆಳಗೆ ಬಂದಾಗ ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿಯಿತು.

"ಬಂತು" ಎಂದೆ. ಇನ್ನೊಂದು ಸಲ ತಟ್ಟಿದರು. "ಹೋಯ್ತು." ಮತ್ತೆ. "ಬಂತು."

ಕೆಳಗೆ ಸದ್ದು ನಿಂತಿತು. ಗುಂಡಿಯಿಂದ ಅವರ ದನಿ ಬಂತು. "ಸರ್, ಇಳಿದು ಬನ್ನಿ ಒಮ್ಮೆ."

ಇಳಿದೆ. ಟಾರ್ಚಿನ ಬೆಳಕಿನಲ್ಲಿ ಅದು ತೂಗುತ್ತಿತ್ತು. ಮೆಣಸಿನಕಾಯಿಗಳು ಯಾವಾಗಲೋ ಉದುರಿಹೋಗಿದ್ದವು. ಕೊಳವೆಯ ಕಾವಿಗೆ ನಿಂಬೆಹಣ್ಣು ಲೂಮಿಯ ಹಾಗೆ ಒಣಗಿ ಕಪ್ಪಾಗಿತ್ತು. ಅವತ್ತು ಬೆಳಿಗ್ಗೆ ನಾನು ಕೊಳವೆ ಎಂದುಕೊಂಡು ತಂತಿ ಸುತ್ತಿದ್ದು ವಯರುಗಳ ಕಂತೆಗೆ. ಕಟ್ಟುವಾಗ ಎಳೆದ ಎಳೆತಕ್ಕೆ ಕಂತೆ ತನ್ನ ಕ್ಲಿಪ್ಪಿನಿಂದ ಸಡಿಲಿತ್ತು. ದಿನವೂ ತೂಗಿ ತೂಗಿ ಪೂರ್ತಿ ಕಳಚಿಕೊಂಡು, ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಂದು ಒರಗಿತ್ತು. ಒಂದು ಕಡೆ ಮೇಲಿನ ಪ್ಲಾಸ್ಟಿಕ್ ಕರಗಿ ಒಳಗಿನ ತಾಮ್ರ ಹೊಳೆಯುತ್ತಿತ್ತು. ಕಾರು ಬಲಕ್ಕೆ ತಿರುಗಿದಾಗಲೆಲ್ಲ ಆ ತಾಮ್ರ ಕೊಳವೆಗೆ ಮುತ್ತಿಡುತ್ತಿತ್ತು.

ಹಮೀದಾಕ ಕನ್ನಡಕ ಸರಿಮಾಡಿಕೊಂಡರು. "ಇದು ಅಮೆರಿಕದಿಂದ ಬಂದದ್ದಲ್ಲ, ಅಲ್ವಾ ಸರ್?"

"ನಾನೇ" ಎಂದೆ. ಆ ಗುಂಡಿಯಲ್ಲಿ ನಿಂತು ಎಲ್ಲ ಹೇಳಿದೆ. ಕಿವಿ, ಮಿಷನ್ನು, ಹದಿನೇಳು ಮಾತು, ಆಯುಧಪೂಜೆ, ಹಾಸಿದ ದಿನಪತ್ರಿಕೆ. ಕಾಯಲೆಂದು ಕಟ್ಟಿದ್ದೇ ಮಗುವನ್ನು ಲಾರಿಯ ಎದುರಿಗೆ ನಿಲ್ಲಿಸಿತು ಎಂದೆ. ಪುಸ್ತಕದಲ್ಲಿ ಇದನ್ನು ಬರೆಯಲಿಲ್ಲ, ನಿಮಗೂ ಸುಳ್ಳು ಹೇಳಿದೆ ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ.

ಅವರು ತಂತಿಯ ಗಂಟು ಬಿಚ್ಚಲು ನೋಡಿದರು, ಬರಲಿಲ್ಲ. ಇಕ್ಕಳ ತೆಗೆದುಕೊಂಡರು. "ಕಟ್ಟಿದ್ದು ಭಾರೀ ಗಟ್ಟಿ ಉಂಟು ಮಾರಾಯ್ರೆ. ಕಂಪನಿಯವ್ರ ಕ್ಲಿಪ್ಪು ಬಿಟ್ಟಿತು, ನಿಮ್ಮ ಗಂಟು ಬಿಡ್ಲಿಲ್ಲ." ಮೂರು ವಾರದಲ್ಲಿ ನಾನು ಮೊದಲ ಸಲ ನಕ್ಕೆ. ನಗು ನಿಲ್ಲಿಸುವುದು ಕಷ್ಟವಾಯಿತು. ಅವರು ಟಾರ್ಚನ್ನು ಬೇರೆ ಕಡೆ ತಿರುಗಿಸಿ, ನಾನು ಮುಖ ಒರೆಸಿಕೊಳ್ಳುವವರೆಗೆ ಯಾವುದೋ ನಟ್ಟನ್ನು ಪರೀಕ್ಷಿಸುತ್ತ ನಿಂತರು.

ಸುಟ್ಟ ಭಾಗ ಕತ್ತರಿಸಿ ಹೊಸ ವಯರ್ ಜೋಡಿಸಿದರು. ಕಾವು ತಡೆಯುವ ಕವಚ ಹಾಕಿ, ಹೊಸ ಕ್ಲಿಪ್ಪಿನಲ್ಲಿ ಕೂರಿಸಿ, ಸರಿಯಾದ ಫ್ಯೂಸ್ ಹಾಕಿದರು. ಅಷ್ಟರಲ್ಲಿ ಶೆಟ್ಟರು ಬಂದು ಎಂತ ಆಗಿತ್ತು ಎಂದು ಕೇಳಿದರು. ಹಮೀದಾಕ ಕೈ ಒರೆಸಿಕೊಳ್ಳುತ್ತ, "ಎಂತ ಇಲ್ಲ, ವಯರ್ ಒಂದು ಪೈಪಿಗೆ ತಾಗಿತ್ತು" ಎಂದರು. ಅಷ್ಟೇ. ಆಮೇಲೂ ಯಾರ ಮುಂದೆಯೂ ಅವರು ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ. ಹೇಳಿದ್ದರೆ ಶೆಟ್ಟರು ನನ್ನನ್ನು ಈಗಲೂ ಬಿಡುತ್ತಿರಲಿಲ್ಲ.

ಶೆಟ್ಟರು ಹೋದ ಮೇಲೆ ಕೀ ಕೊಟ್ಟರು. ಅದನ್ನು ಹಿಡಿದ ನನ್ನ ಕೈ ನೋಡಿದರು. ಕೀ ಗೊಂಚಲು ಸದ್ದು ಮಾಡುತ್ತಿತ್ತು. ಎದುರಿನ ಕೆಫೆಟೇರಿಯಾಕ್ಕೆ ಹೋಗಿ ಬಂದರು. ಅಂಗೈಯಲ್ಲಿ ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ, ಒಂದು ಪ್ಲಾಸ್ಟಿಕ್ ಪಟ್ಟಿ.

"ನನ್ಗೆ ಇದ್ರಲ್ಲಿ ನಂಬಿಕೆ ಇಲ್ಲ ಸರ್. ನಿಮ್ಗೂ ಇಲ್ಲ ಅಂತ ಕಾಣ್ತದೆ. ಆದ್ರೆ ನಿಮ್ಮ ಕೈ ನಿಲ್ಬೇಕಲ್ಲ. ಕಟ್ಟುದು ನೀವು. ಜಾಗ ನಾನು ತೋರಿಸ್ತೇನೆ."

ಮುಂದಿನ ಜಾಲರಿಯ ಹಿಂದೆ, ವಯರಾಗಲಿ ಕೊಳವೆಯಾಗಲಿ ಹತ್ತಿರ ಸುಳಿಯದ ಒಂದು ಮೂಲೆಗೆ ಅವರು ಟಾರ್ಚ್ ಹಿಡಿದರು. ನಾನು ಕಟ್ಟಿದೆ. ಅವರು ಒಮ್ಮೆ ಎಳೆದು ನೋಡಿದರು. ಆಮೇಲೆ ನನ್ನ ಪಕ್ಕದಲ್ಲಿ ಕೂತು ಮುಸಫ್ಫಾದ ವೃತ್ತಕ್ಕೆ ಕರೆದೊಯ್ದು ಬಲಕ್ಕೆ ತಿರುಗಿಸಿ ಎಂದರು. ತಿರುಗಿಸಿದೆ. ಇನ್ನೊಮ್ಮೆ ಎಂದರು. ಹತ್ತು ಸಲ ತಿರುಗಿಸಿದ ಮೇಲೆ ಸಾಕಾ ಎಂದು ಕೇಳಿದರು. ನಾನು ಹನ್ನೊಂದನೆಯ ಸಲ ನಾನಾಗಿ ತಿರುಗಿಸಿದೆ. ಅವರನ್ನು ಗ್ಯಾರೇಜಿನ ಮುಂದೆ ಇಳಿಸಿ, ಬೊಟ್ಟನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಮೊದಲಿದ್ದ ಕನ್ನಡಿಗೇ ಅಂಟಿಸಿದೆ. ಕೆಳಗಿನ ದೀಪ ಆರಿತ್ತು. ಹಳೆಯ ನಿಂಬೆಹಣ್ಣು ಜೇಬಿನಲ್ಲಿತ್ತು.

ಶುಕ್ರವಾರ ಬಂತು. ಅನಘಾಳನ್ನು ಹಿಂದೆ ಕೂರಿಸಿದೆ. ಇವತ್ತು ಮಿಷನ್ನು ತೆಗೆಯಬೇಡ ಎಂದು ಕೈಸನ್ನೆ ಮಾಡಿದೆ. ನಡುವಿನ ಲೇನಿನಲ್ಲೇ ಹೋದೆ. ಸಮ್ಹಾದ ಪೆಟ್ರೋಲ್ ಬಂಕ್ ದಾಟಿತು. ಘಂತೂತ್ ಹತ್ತಿರವಾದಂತೆ ನನ್ನ ಬೆನ್ನು ಸೀಟಿನಿಂದ ಮುಂದಕ್ಕೆ ಬಂದಿತ್ತು. ಒಂದು ಟ್ರಕ್ಕು ಬಲಕ್ಕೆ ಬಂತು. ಆಗ ಹಿಂದಿನಿಂದ ಒಂದು ದನಿ.

"ಅಪ್ಪ, ಬೊಟ್ಟು ಎಲ್ಲಿ?"

ಕನ್ನಡಿಯಲ್ಲಿ ಅವಳ ಮುಖ ನೋಡಿ ಹೇಳಿದೆ, ಬೊಟ್ಟು ಅಮ್ಮನ ಕನ್ನಡಿಗೆ ಹೋಯಿತು ಪುಟ್ಟ. ಪಟ್ಟಿ ಇಳಿಸಿ ಕನ್ನಡಿ ತೋರಿಸಿದೆ. ಅವಳು ಕತ್ತು ಉದ್ದ ಮಾಡಿ ನೋಡಿ, ಒಪ್ಪಿದವಳಂತೆ ತಲೆಯಾಡಿಸಿದಳು. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಕೇಳಬಹುದು, ಕೇಳಿದರೆ ಉತ್ತರ ಸಿಗುತ್ತದೆ ಎಂದು ತಿಳಿದವಳ ಹಾಗೆ ಇನ್ನೂ ನಾಲ್ಕು ಸಲ ಕೇಳಿದಳು. ನಾನು ರಸ್ತೆಯ ಕಡೆ ಸರಿಯಾಗಿ ನೋಡಿದಾಗ ಘಂತೂತ್ ಹಿಂದೆ ಉಳಿದಿತ್ತು.

ಮರುದಿನ ಹಮೀದಾಕನಿಗೆ ಹೇಳಲೆಂದೇ ಹೋದೆ. ಅವರು ಯಾರದೋ ಕಾರಿನ ಕೆಳಗೆ ಗುಂಡಿಯಲ್ಲಿದ್ದರು. ಬಗ್ಗಿ ಹೇಳಿದೆ. ಸುತ್ತಿಗೆಯ ಸದ್ದು ನಿಂತಿತು. "ಅಲ್‌ಹಮ್ದುಲಿಲ್ಲಾ" ಎಂದರು. ಸದ್ದು ಮತ್ತೆ ಶುರುವಾಯಿತು. ನಾನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡು ಹೋಗಿದ್ದ ಧನ್ಯವಾದದ ಮಾತುಗಳು ಹಾಗೇ ಉಳಿದವು. ಕೆಲವು ವರ್ಷಗಳಲ್ಲಿ ಅವರು ಊರಿಗೆ ಮರಳಿದರು. ಆ ಮಾತುಗಳಿಗೆ ಬೇರೆ ವಿಳಾಸವಿಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇಷ್ಟನ್ನೂ ಸುಮಾ ಕೇಳಿದಳು. ನಾನು ಒಳಗಿನಿಂದ ಆ ನೋಟ್ ಪುಸ್ತಕ ತಂದುಕೊಟ್ಟೆ. ಘಂತೂತಿನ ಪುಟದ ಹತ್ತಿರ ಅವಳು ಓದು ನಿಲ್ಲಿಸಿದಳು, ಅಕ್ಕಪಕ್ಕಕ್ಕೆ ಚೆಲ್ಲಾಡಿದ್ದ ಅಕ್ಷರಗಳ ಮೇಲೆ ಬೆರಳಾಡಿಸುತ್ತ. "ಲಾರಿ ಅಂತ ನನಗೆ ಹೇಳಲೇ ಇಲ್ಲ" ಎಂದಳು. ಅವಳು ಪುಟ ತಿರುಗಿಸಿದಳು. ಕೊನೆಯ ನಮೂದು ಕರಾಮಾದಲ್ಲಿ, ಟೀಚರ್ ಮನೆಯ ಕೆಳಗೆ ಕಾರು ನಿಲ್ಲಿಸಿ ಬರೆದದ್ದು. ಶುಕ್ರವಾರ. ಘಂತೂತ್. ದೀಪ ಹತ್ತಿಲ್ಲ. ಅದರ ಮುಂದಿನ ಕಾಲಮ್ಮಿನಲ್ಲಿ, ಎಂಜಿನ್ನಿನ ತೊಂದರೆ ಬರೆಯಬೇಕಾದ ಕಡೆ, ಅನಘಾಳ ಪ್ರಶ್ನೆ. ಅಕ್ಷರಗಳು ದುಂಡಗಿವೆ.

ಸುಮಾ ಅದನ್ನು ಒಂದು ಸಲ ಗಟ್ಟಿಯಾಗಿ ಓದಿದಳು. ಆಮೇಲೆ ಎದ್ದು ಹೋಗಿ ಆ ಕಪ್ಪು ನಿಂಬೆಹಣ್ಣನ್ನು ತಾನೇ ಪೆನ್ನಿನ ಡಬ್ಬಿಗೆ ಹಾಕಿ, ಅಡುಗೆಮನೆಗೆ ಬಂದು, ಫ್ರಿಜ್ಜಿನಿಂದ ಬೇರೆ ನಿಂಬೆಹಣ್ಣು ತೆಗೆದು ಹೆಚ್ಚಿದಳು.